ಕಿವಿಯಿಂದ ಕೈಗೆ: ಹೊಸದಾಗಿ ಇನ್‌ಚಾರ್ಜ್ ಆದವರಿಗೆ ಪಾಡ್‌ಕಾಸ್ಟು, ಸಮ್ಮೇಳನಗಳ ದಾರಿ

ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದವನು ನಾನು. ಹನ್ನೊಂದನೇ ವರ್ಷಕ್ಕೆ ಸೆಕ್ಷನ್ ಇನ್‌ಚಾರ್ಜ್ ಮಾಡಿದರು, ಒಂಬತ್ತು ಜನ ನನ್ನ ಕೈಕೆಳಗೆ ಬಂದರು. ಮೈಕ್ರೋಮೀಟರ್ ಹಿಡಿಯುವುದನ್ನು ನನಗೆ ವಾರಗಟ್ಟಲೆ ಪಕ್ಕದಲ್ಲಿ ನಿಂತು ಕಲಿಸಿದ್ದರು. ಒಂಬತ್ತು ಜನರ ಹತ್ತಿರ ಕೆಲಸ ತೆಗೆಯುವುದನ್ನು ಯಾರೂ ಕಲಿಸಲಿಲ್ಲ. ಸೋಮವಾರ ಬೆಳಿಗ್ಗೆ ಒಂದು ಲೆಟರ್ ಕೊಟ್ಟರು, ಮಧ್ಯಾಹ್ನಕ್ಕೆ ರಿಜೆಕ್ಷನ್ ಯಾಕೆ ಜಾಸ್ತಿ ಎಂದು ನನ್ನನ್ನೇ ಕೇಳಿದರು.

ಆಗ ಪಾಡ್‌ಕಾಸ್ಟಿನ ಹುಚ್ಚು ಹತ್ತಿತು. ಮೆಟ್ರೋದಲ್ಲಿ ಹೋಗಿಬರುವ ಒಂದೂವರೆ ಗಂಟೆ ಪೂರ್ತಿ ಅದೇ. ಆರು ತಿಂಗಳಲ್ಲಿ ಕೇಳಿದ ಎಪಿಸೋಡುಗಳು ನೂರರ ಹತ್ತಿರ ಇರಬಹುದು. ಸೆಕ್ಷನ್ನಿನಲ್ಲಿ ಬದಲಾದದ್ದು ಮಾತ್ರ ಏನೂ ಇಲ್ಲ. ನನ್ನ ಬಾಯಿಗೆ ಒಂದಿಪ್ಪತ್ತು ಹೊಸ ಇಂಗ್ಲಿಷ್ ಪದ ಬಂದಿದ್ದವು, ಅಷ್ಟೆ. ಕೆಳಗೆ ಹೇಳುತ್ತಿರುವುದು ಅದಾದ ಮೇಲೆ ಹಿಡಿದ ದಾರಿ. ಕಾರ್ಖಾನೆಯ ಉದಾಹರಣೆಗಳೇ ಹೆಚ್ಚು, ನನಗೆ ಗೊತ್ತಿರುವುದು ಅದೇ. ಬ್ಯಾಂಕಿನ ಶಾಖೆಯಲ್ಲಿರುವವರು, ಐಟಿಯಲ್ಲಿ ಟೀಮ್ ಲೀಡ್ ಆದವರು ತಮ್ಮ ಜಾಗಕ್ಕೆ ಹೊಂದಿಸಿಕೊಳ್ಳಬಹುದು.

1. ಮೊದಲು ತಲೆನೋವಿನ ಪಟ್ಟಿ

ಏನನ್ನಾದರೂ ಕೇಳಲು ಶುರು ಮಾಡುವ ಮೊದಲು ಒಂದು ವಾರ ಸುಮ್ಮನೆ ಬರೆಯಿರಿ. ದಿನದ ಕೊನೆಗೆ ಒಂದೇ ಸಾಲು: ಇವತ್ತು ಜನರ ವಿಷಯದಲ್ಲಿ ನನಗೆ ಕಷ್ಟ ಕೊಟ್ಟದ್ದು ಏನು? ನನ್ನ ಪಟ್ಟಿಯಲ್ಲಿ ಇದ್ದದ್ದು ಇಂಥವು: ಎರಡನೇ ಶಿಫ್ಟಿನವನು ರೀಡಿಂಗ್ ಬರೆಯದೆ ಹೋದ. ಹುಡುಗನೊಬ್ಬ ಲೀವು ಕೇಳಲು ಹೆದರಿ, ಹೇಳದೆ ಕೇಳದೆ ರಜೆ ಹಾಕಿದ. ಡ್ರಾಯಿಂಗ್ ಬದಲಾದದ್ದು ಒಬ್ಬರಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ರಾತ್ರಿ ಎಂಟಕ್ಕೂ ಇನ್ಸ್‌ಪೆಕ್ಷನ್ ರಿಪೋರ್ಟ್ ನಾನೇ ಬರೆಯುತ್ತಾ ಕುಳಿತಿದ್ದೆ.

'ನಾಯಕತ್ವ' ಎಂಬ ಪದ ಆ ಪಟ್ಟಿಯಲ್ಲಿ ಒಮ್ಮೆಯೂ ಬರಲಿಲ್ಲ. ನಿಮ್ಮದರಲ್ಲೂ ಬರಲಾರದು. ಇದ್ದ ತೊಂದರೆಗಳನ್ನೆಲ್ಲ ಗುಡ್ಡೆ ಹಾಕಿದರೆ ನಾಲ್ಕೇ ಗುಂಪು: ನನ್ನ ಜನ ನನಗೆ ಸರಿಯಾಗಿ ಗೊತ್ತಿಲ್ಲ, ಸರಿ ತಪ್ಪುಗಳನ್ನು ಹೇಳಲು ಬರುವುದಿಲ್ಲ, ಅವರನ್ನು ಮುಂದಕ್ಕೆ ಬೆಳೆಸುತ್ತಿಲ್ಲ, ಕೆಲಸ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಮೊದಲ ವರ್ಷದ ಪಠ್ಯ ಇಷ್ಟೇ. ದೂರದೃಷ್ಟಿ, ಸ್ಟ್ರಾಟಜಿ ಇತ್ಯಾದಿಗಳ ಎಪಿಸೋಡುಗಳನ್ನು ಧೈರ್ಯವಾಗಿ ಬಿಟ್ಟುಬಿಡಿ.

2. ಎರಡೇ ಪಾಡ್‌ಕಾಸ್ಟ್ ಆರಿಸಿ

ಮೊದಲನೆಯದು, ಈ ನಾಲ್ಕು ಗುಂಪಿಗೂ ನೇರ ಉತ್ತರ ಕೊಡುವ 'ಮ್ಯಾನೇಜರ್ ಟೂಲ್ಸ್'. ಮೈಕಲ್ ಆಜೆನ್, ಮಾರ್ಕ್ ಹಾರ್ಸ್ಟ್‌ಮನ್ ಎಂಬ ಇಬ್ಬರು ಅಮೆರಿಕನ್ನರು 2005ರಲ್ಲಿ ಶುರು ಮಾಡಿದ್ದು. ಹೊಸಬರಿಗೆ ಬೇಕಾದ ಪಾಠಗಳನ್ನು 'ಬೇಸಿಕ್ಸ್' ಎಂದು ಬೇರೆಯೇ ಗುಂಪು ಮಾಡಿಟ್ಟಿದ್ದಾರೆ, ಅಲ್ಲಿಂದಲೇ ತೊಡಗಿ. ದೋಷವೂ ಇದೆ: ಇಬ್ಬರಿಗೂ ಮಾತು ಜಾಸ್ತಿ, ಹತ್ತು ನಿಮಿಷದ ವಿಷಯವನ್ನು ಅರ್ಧ ಗಂಟೆ ಎಳೆಯುತ್ತಾರೆ, ಆಮೇಲೆ ಎರಡನೇ ಭಾಗ ಎನ್ನುತ್ತಾರೆ. ಸಹಿಸಿಕೊಳ್ಳಿ. ಯಾಕೆಂದರೆ ನಾಳೆ ಬೆಳಿಗ್ಗೆ ಯಾವ ಮಾತು ಆಡಬೇಕು ಎಂಬಷ್ಟರ ಮಟ್ಟಿಗೆ ಇಳಿದು ಹೇಳುತ್ತಾರೆ.

ಎರಡನೆಯದು ನಿಮ್ಮ ರುಚಿಗೆ ಬಿಟ್ಟದ್ದು. ಡೇವ್ ಸ್ಟಾಕೋವಿಯಾಕ್ ನಡೆಸುವ 'ಕೋಚಿಂಗ್ ಫಾರ್ ಲೀಡರ್ಸ್' 2011ರಿಂದ ಬರುತ್ತಿದೆ, ಮಾತು ತಣ್ಣಗಿರುತ್ತದೆ, ಇಂಗ್ಲಿಷ್ ಸರಳ. ಹಾರ್ವರ್ಡ್ ಬಿಸಿನೆಸ್ ರಿವ್ಯೂನವರ 'ಐಡಿಯಾಕಾಸ್ಟ್' ಚಿಕ್ಕದು, ಚುರುಕಾದದ್ದು. ಆದರೆ ಅದು ಯೋಚನೆಗೆ ಮೇವು ಹಾಕುತ್ತದೆ, ಶಿಫ್ಟಿಗೆ ಅಲ್ಲ. ಕನ್ನಡದಲ್ಲಿ 'ತಲೆ-ಹರಟೆ'ಯಂಥ ಒಳ್ಳೆಯ ಪಾಡ್‌ಕಾಸ್ಟುಗಳಿವೆ. ಅವು ಲೋಕಜ್ಞಾನಕ್ಕೆ, ನಮ್ಮ ಭಾಷೆಯಲ್ಲಿ ಗಂಭೀರ ವಿಷಯ ಮಾತಾಡುವುದು ಹೇಗೆ ಎಂದು ಕಿವಿ ಪಳಗಿಸಲಿಕ್ಕೆ ಚೆನ್ನ.

ಯಾವುದನ್ನೇ ಆರಿಸುವಾಗಲೂ ನನ್ನ ಒರೆಗಲ್ಲು ಒಂದೇ. ಎಪಿಸೋಡು ಮುಗಿದ ಮೇಲೆ 'ನಾಳೆ ಇಂಥವರ ಹತ್ತಿರ ಹೀಗೆ ಮಾಡುತ್ತೇನೆ' ಎಂದು ಒಂದು ವಾಕ್ಯ ಹೇಳಲು ಆಗುತ್ತದೆಯೇ? ಆಗದಿದ್ದರೆ ಅದು ಮನರಂಜನೆ. ದೊಡ್ಡ ಕಂಪನಿ ಕಟ್ಟಿದವರ ಜೀವನಕಥೆಗಳೆಲ್ಲ ಈ ಲೆಕ್ಕಕ್ಕೇ ಸೇರುತ್ತವೆ. ನನಗೂ ಇಷ್ಟ, ಭಾನುವಾರ ಬಟ್ಟೆ ಇಸ್ತ್ರಿ ಮಾಡುವಾಗ ಕೇಳುತ್ತೇನೆ.

ಆ್ಯಪ್ ಯಾವುದಾದರೂ ಆದೀತು. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು. ಆಂಡ್ರಾಯ್ಡ್ ಫೋನಿನವರಿಗೆ ಆಂಟೆನಾಪಾಡ್ ಬಿಟ್ಟಿಯಾಗಿ ಸಿಗುತ್ತದೆ, ಜಾಹೀರಾತಿನ ಕಾಟವಿಲ್ಲ. ಮನೆಯ ವೈಫೈನಲ್ಲಿ ರಾತ್ರಿಯೇ ಇಳಿಸಿಕೊಂಡರೆ ದಾರಿಯಲ್ಲಿ ಸಿಗ್ನಲ್ ಹೋಯಿತೆಂಬ ಗೋಳಿಲ್ಲ.

3. ಕೇಳುವ ಕ್ರಮ

ಒಂದೇ ಎಪಿಸೋಡನ್ನು ಎರಡು ಸಲ ಕೇಳಿ. ಮೊದಲ ಸಲ ಹೋಗುವಾಗ, ಸುಮ್ಮನೆ. ಎರಡನೇ ಸಲ ಮರುದಿನ, ನಿಲ್ಲಿಸಿ ನಿಲ್ಲಿಸಿ. ಜೇಬಿನ ಡೈರಿಯಲ್ಲಿ ಮೂರೇ ಸಾಲು: ಏನು ಮಾಡಬೇಕು, ಯಾರ ಹತ್ತಿರ, ಯಾವ ವಾರ. ನಾಲ್ಕನೇ ಸಾಲು ಬರೆಯಬೇಡಿ. ಆ ಮೂರು ಸಾಲು ನಡೆದ ಮೇಲೆಯೇ ಮುಂದಿನ ಎಪಿಸೋಡು.

ಬರೆಯುವುದು ಕನ್ನಡದಲ್ಲೇ ಇರಲಿ. ಇದು ಭಾಷಾಭಿಮಾನದ ಮಾತಲ್ಲ. ಇಂಗ್ಲಿಷಿನಲ್ಲಿ ಕೇಳಿದ್ದು ಇಂಗ್ಲಿಷಿನಲ್ಲೇ ಡೈರಿಗೆ ಇಳಿದರೆ ಅರ್ಥವಾಯಿತೆಂಬ ಭ್ರಮೆ ಹುಟ್ಟುತ್ತದೆ. 'ಆ್ಯಕ್ಟಿವ್ ಲಿಸನಿಂಗ್' ಎಂದು ಬರೆದುಕೊಂಡರೆ ಮಾಡುವುದೇನೂ ಉಳಿಯುವುದಿಲ್ಲ. 'ಅವನು ಮಾತು ಮುಗಿಸುವವರೆಗೆ ಫೋನ್ ಉಲ್ಟಾ ಇಡು' ಎಂದು ಬರೆದಾಗ ಕೆಲಸ ಎದುರಿಗೆ ನಿಲ್ಲುತ್ತದೆ.

4. ಒಬ್ಬೊಬ್ಬರ ಜೊತೆ ವಾರಕ್ಕೊಮ್ಮೆ

ಈ ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಿದ್ದರೆ ಇದನ್ನು ಮಾಡಿ.

ಮ್ಯಾನೇಜರ್ ಟೂಲ್ಸ್‌ನವರು ಹೇಳುವುದು ಹೀಗೆ: ಕೈಕೆಳಗಿನ ಪ್ರತಿಯೊಬ್ಬರ ಜೊತೆ ವಾರಕ್ಕೊಮ್ಮೆ, ಗೊತ್ತುಮಾಡಿದ ದಿನ, ಅರ್ಧ ಗಂಟೆ. ಮೊದಲ ಹತ್ತು ನಿಮಿಷ ಅವರದು, ಮುಂದಿನ ಹತ್ತು ನಿಮ್ಮದು, ಕೊನೆಯ ಹತ್ತು ಅವರ ಮುಂದಿನ ಬೆಳವಣಿಗೆಗೆ. ಒಂಬತ್ತು ಜನರಿಗೆ ಅರ್ಧ ಗಂಟೆಯಂತೆ ನಾಲ್ಕೂವರೆ ಗಂಟೆ. ಮೆಷಿನ್ ನಿಲ್ಲಿಸಿ ಅಷ್ಟು ಹೊತ್ತು ಕೂರಿಸುವುದು ನಮ್ಮಲ್ಲಿ ಸಾಧ್ಯವಿರಲಿಲ್ಲ. ನಾನು ಹದಿನೈದು ನಿಮಿಷಕ್ಕೆ ಇಳಿಸಿದೆ, ಶಿಫ್ಟ್ ಶುರುವಾಗುವ ಮೊದಲ ಹೊತ್ತಿನಲ್ಲಿ ದಿನಕ್ಕಿಬ್ಬರು. ಹೊತ್ತು ಕಡಿಮೆಯಾದರೂ ನಡೆಯುತ್ತದೆ, ದಿನ ತಪ್ಪಿದರೆ ನಡೆಯುವುದಿಲ್ಲ.

ಮೊದಲ ವಾರ ನಾನು ಮಾಡಿದ ಎಡವಟ್ಟು ಕೇಳಿ. ಯಾರಿಗೂ ಮೊದಲೇ ಹೇಳದೆ ಒಬ್ಬನನ್ನು ಕ್ಯಾಬಿನ್ನಿಗೆ ಕರೆದೆ. ನಮ್ಮ ಕಡೆ ಕ್ಯಾಬಿನ್ನಿಗೆ ಕರೆದರು ಎಂದರೆ ಮೆಮೋ ಎಂದೇ ಅರ್ಥ. ಅವನು ಬಾಗಿಲಲ್ಲೇ ನಿಂತು 'ಸರ್, ಮೊನ್ನೆ ಆ ಜಾಬ್ ಕೆಡಿಸಿದ್ದು ನಾನಲ್ಲ' ಎಂದ. ನಾನು ಯಾವ ಜಾಬ್ ಎಂದೇ ಕೇಳಿರಲಿಲ್ಲ. ಅದಕ್ಕೇ ಮೊದಲು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಹೇಳಿ: ಮುಂದಿನ ವಾರದಿಂದ ಒಬ್ಬೊಬ್ಬರ ಜೊತೆ ಕೂತು ಮಾತಾಡುತ್ತೇನೆ, ಎಲ್ಲರ ಜೊತೆಯೂ, ಪ್ರತಿ ವಾರವೂ, ತಪ್ಪು ಹುಡುಕಲಿಕ್ಕಲ್ಲ. ನೋಟ್‌ಬುಕ್ಕಿನಲ್ಲಿ ಏನು ಬರೆದುಕೊಳ್ಳುತ್ತೀರಿ ಎಂಬ ಭಯವೂ ಇರುತ್ತದೆ. ಬರೆದದ್ದನ್ನು ಅವರ ಕಡೆ ತಿರುಗಿಸಿ ತೋರಿಸಿಬಿಡಿ. ಎರಡು ವಾರದಲ್ಲಿ ಆ ಭಯ ಹೋಗುತ್ತದೆ.

ಶುರು ಮಾಡುವ ಪ್ರಶ್ನೆ ಮುಖ್ಯ. 'ಹೇಗೆ ನಡೀತಿದೆ?' ಎಂದರೆ 'ಚೆನ್ನಾಗಿದೆ ಸರ್', ಅಲ್ಲಿಗೆ ಮುಗಿಯಿತು. 'ಈ ವಾರ ಯಾವ ಕೆಲಸ ತಲೆ ತಿಂತು?' ಎಂದು ಕೇಳಿ ನೋಡಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಮೌನ ಮೂರು ಸೆಕೆಂಡಾದರೆ ನಮಗೆ ಮೂರು ನಿಮಿಷವಾದಂತೆ ಅನಿಸಿ ನಾವೇ ಮಾತು ತುಂಬುತ್ತೇವೆ. ತುಂಬಬೇಡಿ.

ಇನ್ನು ಅಮೆರಿಕದ ಯಾವ ಪಾಡ್‌ಕಾಸ್ಟೂ ಹೇಳಿಕೊಡದ ವಿಷಯ: ಏಕವಚನ, ಬಹುವಚನ. ನನ್ನ ಸೆಕ್ಷನ್ನಿನ ಹಿರಿಯ ಆಪರೇಟರ್ ಒಬ್ಬರು ನಾನು ಅಪ್ರೆಂಟಿಸ್ ಆಗಿದ್ದಾಗ ನನಗೆ ಟೂಲ್ ಕಟ್ಟುವುದನ್ನು ಕಲಿಸಿದವರು. 'ಬಾರೋ, ಹೋಗೋ' ಎಂದೇ ಕರೆಯುತ್ತಿದ್ದರು. ನಾನು ಇನ್‌ಚಾರ್ಜ್ ಆದ ಮರುದಿನದಿಂದ 'ಸರ್' ಎನ್ನಲು ಶುರು ಮಾಡಿದರು, ಆ ಪದ ನಮ್ಮಿಬ್ಬರ ನಡುವೆ ಗೋಡೆಯ ಹಾಗೆ ನಿಂತಿತು. ಕೊನೆಗೆ ನಾನೇ ಹೇಳಿದೆ, 'ಅಣ್ಣ, ನಾಲ್ಕು ಜನರ ಎದುರು ನಿಮಗೆ ಹೇಗೆ ಬೇಕೋ ಹಾಗೆ ಕರೀರಿ. ಇಬ್ಬರೇ ಇರುವಾಗ ನನ್ನ ಹೆಸರಿಟ್ಟೇ ಕರೀರಿ.' ಈಗ ಎದುರಿಗೆ 'ಸರ್', ಒಳಗೆ 'ಏನಪ್ಪಾ'. ಕಿರಿಯರ ವಿಷಯದಲ್ಲಿ ನನ್ನ ನಿಯಮ ಉಲ್ಟಾ: ಹತ್ತೊಂಬತ್ತು ವರ್ಷದ ಹೆಲ್ಪರ್ ಹುಡುಗನಿಗೂ ಕೆಲಸದ ಮಾತಿನಲ್ಲಿ 'ನೀವು'. ಬಹುವಚನದಲ್ಲಿ ಬೈಯುವುದು ಕಷ್ಟ, ಅದೇ ಅದರ ಲಾಭ.

5. ತಪ್ಪನ್ನೂ ಒಪ್ಪನ್ನೂ ಹೇಳುವುದು

ಮ್ಯಾನೇಜರ್ ಟೂಲ್ಸ್‌ನವರ ಇಂಗ್ಲಿಷ್ ಸೂತ್ರ ಸರಳ: ಹೇಳಬಹುದೇ ಎಂದು ಕೇಳು, ಅವರು ಮಾಡಿದ್ದನ್ನು ಹೇಳು, ಅದರಿಂದ ಆದದ್ದನ್ನು ಹೇಳು, ಮುಂದೆ ಬೇರೆ ರೀತಿ ಮಾಡುತ್ತೀರಾ ಎಂದು ಕೇಳು. ನಾನು ಇದನ್ನು ಹಾಗೇ ತಂದು 'ನಿಮಗೊಂದು ಫೀಡ್‌ಬ್ಯಾಕ್ ಕೊಡಬಹುದಾ?' ಎಂದೆ. ಆ ಹಿರಿಯರ ಮುಖ ಬಿತ್ತು. ನಮ್ಮಲ್ಲಿ ಫೀಡ್‌ಬ್ಯಾಕ್ ಎಂದರೆ ಕಸ್ಟಮರ್ ಕಂಪ್ಲೇಂಟು. ಮುಂದಿನ ವಾರ ಹೀಗೆ ಹೇಳಿದೆ:

'ಅಣ್ಣ, ಒಂದು ಮಾತು ಹೇಳ್ಲಾ?'

'ಹೇಳಪ್ಪ.'

'ಶಿಫ್ಟ್ ಬಿಡೋವಾಗ ರೀಡಿಂಗ್ ಬರೀದೆ ಹೋದ್ರೆ ಮುಂದಿನವರು ಮೊದಲಿಂದ ಸೆಟ್ ಮಾಡ್ಬೇಕಾಗತ್ತೆ. ನಿನ್ನೆ ಅರ್ಧ ಗಂಟೆ ಹೋಯ್ತು. ಇವತ್ತಿಂದ ಬರೆದಿಟ್ಟು ಹೋಗ್ತೀರಾ?'

'ಅಷ್ಟೇ ತಾನೇ? ಆಯ್ತು ಬಿಡು.'

ಇಷ್ಟೇ. ಈ ಮಾತಿನಲ್ಲಿ 'ಯಾವಾಗಲೂ' ಇಲ್ಲ, 'ನಿಮಗೆ ಜವಾಬ್ದಾರಿ ಇಲ್ಲ' ಎಂಬುದಿಲ್ಲ. ಜವಾಬ್ದಾರಿ, ಸೋಮಾರಿತನ, ಶ್ರದ್ಧೆ ಇವೆಲ್ಲ ನಮ್ಮ ತೀರ್ಪುಗಳು, ಕಣ್ಣಿಗೆ ಕಾಣುವಂಥವಲ್ಲ. ಬರೆಯದೆ ಬಿಟ್ಟ ರೀಡಿಂಗ್ ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನಷ್ಟೇ ಹೇಳಿ. ಅವರು ವಾದಕ್ಕಿಳಿದರೆ ನಕ್ಕು ಬಿಟ್ಟುಬಿಡಿ, ಮಾತು ತಲುಪಿದೆ.

ನಮ್ಮದೇ ಆದ ಒಂದು ಕೆಟ್ಟ ಚಾಳಿ ಇದೆ, ಅದನ್ನು ಮೊದಲು ಬಿಡಬೇಕು. ಬೆಳಗಿನ ಮೀಟಿಂಗಿನಲ್ಲಿ ನಿಂತು 'ಕೆಲವರಿಗೆ ಟೈಮ್ ಅಂದ್ರೇನು ಅಂತ ಗೊತ್ತಿಲ್ಲ' ಎನ್ನುವುದು. ಆ 'ಕೆಲವರು' ಯಾರೆಂದು ಎಲ್ಲರಿಗೂ ಗೊತ್ತು. ಹೇಳಬೇಕಾದವನಿಗೆ ನೇರ ಹೇಳಿದ ಹಾಗೂ ಆಗಲಿಲ್ಲ, ಅವನ ಮಾನ ಉಳಿಸಿದ ಹಾಗೂ ಆಗಲಿಲ್ಲ.

ಹೊಗಳಿಕೆಯಲ್ಲಿ ನಾವು ಇನ್ನೂ ಬಡವರು. 'ಪರವಾಗಿಲ್ಲ' ಎಂಬುದೇ ನಮ್ಮ ದೊಡ್ಡ ಪ್ರಶಸ್ತಿ. ಅದಕ್ಕೇ ಮೊದಲ ಕೆಲವು ವಾರ ತಪ್ಪಿನ ಮಾತೇ ಬೇಡ, ಸರಿಯಾಗಿ ಆದದ್ದನ್ನಷ್ಟೇ ಇದೇ ರೀತಿ ಹೇಳಿ ಅಭ್ಯಾಸ ಮಾಡಿ: 'ಬರ್ (ಅಂಚಿನ ಲೋಹದ ಚೂರು) ತೆಗೆದು ಟ್ರೇನಲ್ಲಿ ಇಟ್ಟಿದ್ರಲ್ಲ, ಇನ್ಸ್‌ಪೆಕ್ಷನ್ ಬೇಗ ಮುಗೀತು. ಹಾಗೇ ಮಾಡಿ.' ನಾಲಿಗೆ ತೊದಲುತ್ತದೆ, ಪರವಾಗಿಲ್ಲ. (ನೋಡಿ, ಮತ್ತೆ ಅದೇ ಪದ ಬಂತು.)

ಇದೆಲ್ಲ ಪಾಡ್‌ಕಾಸ್ಟಿನವರು ಕಂಡುಹಿಡಿದದ್ದೂ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಸರ್ಕಾರ ಕಾರ್ಖಾನೆಯ ಸೂಪರ್‌ವೈಸರುಗಳಿಗೆ ಟಿಡಬ್ಲ್ಯುಐ (ಟ್ರೇನಿಂಗ್ ವಿಥಿನ್ ಇಂಡಸ್ಟ್ರಿ) ಎಂಬ ತರಬೇತಿ ಕೊಟ್ಟಿತು. ಅವರ ಕೈಗೆ ಕೊಡುತ್ತಿದ್ದ ಚಿಕ್ಕ ಕಾರ್ಡಿನಲ್ಲಿ ನಾಲ್ಕು ಮಾತು ಇದ್ದವು: ಕೆಲಸ ಹೇಗೆ ಮಾಡುತ್ತಿದ್ದಾರೆಂದು ಪ್ರತಿಯೊಬ್ಬರಿಗೂ ತಿಳಿಸಿ, ಮೆಚ್ಚುಗೆ ಸಲ್ಲಬೇಕಾದಲ್ಲಿ ಸಲ್ಲಿಸಿ, ಅವರನ್ನು ತಟ್ಟುವ ಬದಲಾವಣೆಯನ್ನು ಮುಂಚಿತವಾಗಿ ಹೇಳಿ, ಪ್ರತಿಯೊಬ್ಬರ ಸಾಮರ್ಥ್ಯವನ್ನೂ ಚೆನ್ನಾಗಿ ಬಳಸಿ. ಯುದ್ಧ ಮುಗಿದ ಮೇಲೆ ಆ ತರಬೇತಿ ಜಪಾನಿಗೆ ಹೋಗಿ ಟೊಯೋಟಾದಂಥ ಕಂಪನಿಗಳಲ್ಲಿ ಬೇರು ಬಿಟ್ಟಿತು. ನನ್ನ ಡೈರಿಯ ಮೊದಲ ಪುಟದಲ್ಲಿ ಈ ನಾಲ್ಕು ಸಾಲು ಬರೆದಿಟ್ಟಿದ್ದೇನೆ.

ಬೆಳೆಸುವುದು, ಕೆಲಸ ಬಿಟ್ಟುಕೊಡುವುದು ಎರಡೂ ಒಂದೇ ಹಗ್ಗದ ಎರಡು ತುದಿ. 'ನಾನೇ ಮಾಡಿದ್ರೆ ಹತ್ತು ನಿಮಿಷ, ಹೇಳಿಕೊಟ್ರೆ ಒಂದು ಗಂಟೆ' ಎಂಬ ಲೆಕ್ಕ ಮೊದಲ ವಾರಕ್ಕೆ ನಿಜ, ಆರನೇ ವಾರಕ್ಕೆ ಸುಳ್ಳು. ಇನ್ಸ್‌ಪೆಕ್ಷನ್ ರಿಪೋರ್ಟನ್ನು ಒಬ್ಬ ಹುಡುಗನಿಗೆ ಒಪ್ಪಿಸಿದೆ. ಮೂರು ವಾರ ತಪ್ಪು ತಿದ್ದಿದೆ. ಈಗ ಅವನು ಬರೆಯುವುದು ನನ್ನದಕ್ಕಿಂತ ಶುದ್ಧ.

6. ಸಮ್ಮೇಳನಕ್ಕೆ ಹೋಗುವುದಾದರೆ

ಪಾಡ್‌ಕಾಸ್ಟಿನಿಂದ ಆಗದ ಒಂದು ಕೆಲಸ ಸಮ್ಮೇಳನದಿಂದ ಆಗುತ್ತದೆ: ನಿಮ್ಮಂಥದೇ ತೊಂದರೆ ಇರುವವರು ಸಿಗುತ್ತಾರೆ. ಆದರೆ ಎಲ್ಲಿಗೆ ಹೋಗುತ್ತೀರಿ ಎಂಬುದರ ಮೇಲೆ ಅದು ನಿಂತಿದೆ.

ಬೆಂಗಳೂರು ಟೆಕ್ ಸಮ್ಮಿಟ್‌ನಂಥ ದೊಡ್ಡ ಮೇಳಗಳಲ್ಲಿ ವೇದಿಕೆ ದೊಡ್ಡದು, ಮಾತು ಇನ್ನೂ ದೊಡ್ಡದು. ಹೊಸ ಇನ್‌ಚಾರ್ಜಿಗೆ ಅಲ್ಲಿ ಸಿಗುವುದು ಕಡಿಮೆ. ನಮ್ಮ ಕಸುಬಿನವರು ಐಮ್‌ಟೆಕ್ಸ್‌ಗೆ ಹೋಗುತ್ತಾರೆ. ತುಮಕೂರು ರಸ್ತೆಯ ಬಿಐಇಸಿ ಎಂಬ ವಸ್ತುಪ್ರದರ್ಶನ ಕೇಂದ್ರದಲ್ಲಿ ಮೆಷಿನ್ ಟೂಲ್ ತಯಾರಕರ ಸಂಘ ನಡೆಸುವ ಪ್ರದರ್ಶನ ಅದು. ಒಂದು ವರ್ಷ ಲೋಹ ಕತ್ತರಿಸುವ (ಕಟಿಂಗ್) ಮೆಷಿನ್ನುಗಳು, ಮತ್ತೊಂದು ವರ್ಷ ಲೋಹಕ್ಕೆ ಆಕಾರ ಕೊಡುವ (ಫಾರ್ಮಿಂಗ್) ಮೆಷಿನ್ನುಗಳು. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಹೋದ ಮೇಲೆ ಮೆಟ್ರೋದಲ್ಲೇ ತಲುಪಬಹುದು. ಮೆಷಿನ್ ನೋಡಲು ಹೋಗಿ, ಆದರೆ ಪ್ರತಿ ಸ್ಟಾಲಿನಲ್ಲೂ ಒಂದು ಪ್ರಶ್ನೆ ಜನರ ಬಗ್ಗೆ ಕೇಳಿ: ಇದನ್ನು ಹೊಸಬನಿಗೆ ಕಲಿಸಲು ಎಷ್ಟು ದಿನ ಬೇಕಾಯಿತು, ಯಾರು ಕಲಿಸಿದರು?

ನಾನು ಎಲ್ಲಕ್ಕಿಂತ ಹೆಚ್ಚು ಕಲಿತದ್ದು ಕ್ವಾಲಿಟಿ ಸರ್ಕಲ್ ಸಮಾವೇಶಗಳಲ್ಲಿ. ಕೆಲಸಗಾರರೇ ಚಿಕ್ಕ ಗುಂಪಾಗಿ ಕೂತು ತಮ್ಮ ಕೆಲಸದ ತೊಂದರೆ ಬಗೆಹರಿಸುವ, 1962ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಪದ್ಧತಿ 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಮೂಲಕ ನಮ್ಮ ದೇಶಕ್ಕೆ ಬಂತು. 1982ರಲ್ಲಿ ಕ್ವಾಲಿಟಿ ಸರ್ಕಲ್ ಫೋರಂ ಆಫ್ ಇಂಡಿಯಾ ಶುರುವಾಯಿತು, ಬೆಂಗಳೂರಿನಲ್ಲೂ ಅದರ ಶಾಖೆ ಇದೆ. ಅಲ್ಲಿ ವೇದಿಕೆ ಹತ್ತುವವರು ಆಪರೇಟರುಗಳು, ಹೆಲ್ಪರುಗಳು. ತಮ್ಮ ಲೈನಿನ ತೊಂದರೆ ಏನಿತ್ತು, ಕಾರಣ ಹೇಗೆ ಹುಡುಕಿದೆವು, ಏನು ಮಾಡಿದೆವು ಎಂದು ಚಾರ್ಟು ತೋರಿಸಿ ಹೇಳುತ್ತಾರೆ. ಅದನ್ನು ನೋಡುವಾಗ ಚಾರ್ಟಿಗಿಂತ ಅವರ ಇನ್‌ಚಾರ್ಜ್ ಎಲ್ಲಿ ಕೂತಿದ್ದಾನೆ ನೋಡಿ. ಒಳ್ಳೆಯವನು ಹಿಂದಿನ ಸಾಲಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಿರುತ್ತಾನೆ. ಊಟದ ಹೊತ್ತಿಗೆ ಅವನನ್ನು ಹಿಡಿಯಿರಿ.

ಉಳಿದಂತೆ ಕಾಸಿಯಾ (ಕರ್ನಾಟಕದ ಸಣ್ಣ ಕೈಗಾರಿಕೆಗಳ ಸಂಘ), ಪೀಣ್ಯ ಕೈಗಾರಿಕಾ ಸಂಘ, ಬೆಂಗಳೂರು ಮ್ಯಾನೇಜ್‌ಮೆಂಟ್ ಅಸೋಸಿಯೇಷನ್‌ನಂಥವು ನಡೆಸುವ ಚಿಕ್ಕ ಕಾರ್ಯಕ್ರಮಗಳು ಮೇಲು. ಸಾಫ್ಟ್‌ವೇರಿನವರಿಗೆ ಹ್ಯಾಸ್‌ಗೀಕ್ ಕೂಟಗಳಿವೆ. ಹುಬ್ಬಳ್ಳಿ ಕಡೆಯವರಿಗೆ, ಅದರಲ್ಲೂ ಸ್ವಯಂಸೇವಾ ಸಂಸ್ಥೆಗಳಲ್ಲಿರುವವರಿಗೆ, ದೇಶಪಾಂಡೆ ಫೌಂಡೇಶನ್ನಿನ ಡೆವಲಪ್‌ಮೆಂಟ್ ಡೈಲಾಗ್ ಇದೆ. ಐವತ್ತು ಜನ ಸೇರುವ ಕಡೆ ಐದು ಜನರ ಪರಿಚಯವಾಗುತ್ತದೆ, ಐದು ಸಾವಿರ ಸೇರುವ ಕಡೆ ಕೈಗೆ ಒಂದು ಚೀಲ ಬರುತ್ತದೆ.

ಹೋಗುವ ಮೊದಲು ಮೇಲಿನವರ ಒಪ್ಪಿಗೆ ಬೇಕಲ್ಲ. 'ಕಲಿಯಲು ಅವಕಾಶ' ಎಂದು ಬರೆದರೆ ಫೈಲು ಅಲ್ಲೇ ಮಲಗುತ್ತದೆ. ಅರ್ಧ ಪುಟ ಬರೆಯಿರಿ: ನಮ್ಮ ಸೆಕ್ಷನ್ನಿನ ಈ ತೊಂದರೆಗೆ ಉತ್ತರ ಹುಡುಕಲು ಹೋಗುತ್ತಿದ್ದೇನೆ, ಒಂದು ದಿನ ಸಾಕು, ನಾನಿಲ್ಲದಾಗ ಇಂಥವರು ನೋಡಿಕೊಳ್ಳುತ್ತಾರೆ, ಬಂದ ಎರಡನೇ ದಿನ ತಂಡಕ್ಕೆ ಹದಿನೈದು ನಿಮಿಷ ಹೇಳುತ್ತೇನೆ. ಕೊನೆಯ ಸಾಲಿಗೆ ತಪ್ಪಬೇಡಿ. ಮುಂದಿನ ವರ್ಷದ ಒಪ್ಪಿಗೆ ಅದರ ಮೇಲಿದೆ.

ಹೋದ ಮೇಲೆ ಎಲ್ಲ ಭಾಷಣಕ್ಕೂ ಕೂರಬೇಡಿ. ಇಬ್ಬರು ಹೋಗಿದ್ದರೆ ಬೇರೆ ಬೇರೆ ಕೂರಿ, ಊಟಕ್ಕೂ ಒಟ್ಟಿಗೆ ಬೇಡ. ನಿಮ್ಮಷ್ಟೇ ದೊಡ್ಡ ಕಂಪನಿಯವರು ಮಾತಾಡುವ ಸೆಷನ್ ಯಾವುದೋ ಅದಕ್ಕೆ ಹೋಗಿ. ಮುಗಿದ ಮೇಲೆ ಹತ್ತಿರ ಹೋಗಿ 'ಇದನ್ನು ಮಾಡುವಾಗ ನಿಮ್ಮ ಜನ ಏನಂತ ಗೊಣಗಿದರು?' ಎಂದು ಕೇಳಿ. ವೇದಿಕೆಯಲ್ಲಿ ಬಾರದ ಸತ್ಯ ಆಗ ಬರುತ್ತದೆ. ಪರಿಚಯವಾದ ಇಬ್ಬರಿಗೆ ಅದೇ ವಾರ ಫೋನ್ ಮಾಡಿ. ಆ ವಾರ ದಾಟಿದರೆ ಅವರ ಕಾರ್ಡು ಡ್ರಾಯರಿನಲ್ಲೇ ಉಳಿಯುತ್ತದೆ.

7. ಜೊತೆಗೆ ಇಬ್ಬರು

ಬೇರೆ ಬೇರೆ ಕಂಪನಿಯ ಇಬ್ಬರನ್ನು ಹುಡುಕಿಕೊಳ್ಳಿ. ತಿಂಗಳಿಗೊಮ್ಮೆ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಒಬ್ಬರ ಕಷ್ಟದ ಮಾತನ್ನು ಇನ್ನೊಬ್ಬರ ಮೇಲೆ ಪ್ರಯೋಗಿಸಿ. ನಾಳೆ ಒಬ್ಬನಿಗೆ ಓಟಿ ಇಲ್ಲ ಎಂದು ಹೇಳಬೇಕಿದ್ದರೆ ಇವತ್ತು ಗೆಳೆಯನಿಗೇ ಅವನೆಂದುಕೊಂಡು ಹೇಳಿ. ನಗು ಬರುತ್ತದೆ, ಆದರೆ ಮರುದಿನ ನಾಲಿಗೆ ಸರಿಯಾಗಿ ಹೊರಳುತ್ತದೆ. ಥಿಯರಿ ಬೇಕೆನಿಸಿದವರಿಗೆ ಬೆಂಗಳೂರಿನ ಐಐಎಂನ ಕೋರ್ಸುಗಳು ಸರ್ಕಾರದ ಸ್ವಯಂ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಅದು ಎರಡನೇ ವರ್ಷದ ಮಾತು.

8. ತಪ್ಪಿದ ವಾರಗಳು

ಮಾರ್ಚ್ ಬರುತ್ತದೆ. ಡಿಸ್ಪ್ಯಾಚಿನ ಒತ್ತಡದಲ್ಲಿ ಮೊದಲು ಕೈಬಿಡುವುದು ಇದೇ ಹದಿನೈದು ನಿಮಿಷವನ್ನು. ನಾನೂ ಬಿಟ್ಟೆ, ಸತತ ಮೂರು ವಾರ. ಯಾರೂ ಕೇಳಲಿಲ್ಲ, ಅವರಿಗೂ ಬೇಡವಾಗಿತ್ತೇನೋ ಎಂದುಕೊಂಡೆ. ನಾಲ್ಕನೇ ವಾರ ಆ ಹಿರಿಯ ಆಪರೇಟರ್ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು.

'ಏನಪ್ಪಾ, ಇವತ್ತು ಗುರುವಾರ ಅಲ್ವಾ?'

ಕ್ಯಾಬಿನ್ನಿನಲ್ಲಿ ಆಡಿಟ್‌ನವರು ಕೂತಿದ್ದರು. ಪ್ಯಾಕಿಂಗ್ ಪೆಟ್ಟಿಗೆಗಳ ಮೇಲೆ ಕೂತೆವು. ಮೂರನೇ ಮೆಷಿನ್ನಿನ ಕೂಲೆಂಟ್ ಪಂಪು ಎರಡು ವಾರದಿಂದ ಬೇರೆ ಥರ ಸದ್ದು ಮಾಡುತ್ತಿದೆಯಂತೆ, ಮಗಳಿಗೆ ಪಿಯುಸಿಯಲ್ಲಿ ಸೈನ್ಸ್ ಕೊಡಿಸುವುದೋ ಕಾಮರ್ಸೋ ಎಂದು ಮನೆಯಲ್ಲಿ ಜಗಳವಂತೆ. ಎರಡನ್ನೂ ಬರೆದುಕೊಂಡೆ. ಪಂಪನ್ನು ಅವತ್ತೇ ಬಿಚ್ಚಿಸಿದೆವು.